ಉಬ್ಬರದ ಹೊತ್ತು ನೋಡಿ ಹೊರಡಿ: ಕುಮಟಾ–ಹೊನ್ನಾವರ ಅಳಿವೆಗಳಲ್ಲಿ ಎರಡು ದಿನ ಹಕ್ಕಿ ನೋಡುವುದು ಹೇಗೆ

ಮೊದಲ ಸಲ ಅಘನಾಶಿನಿ ಅಳಿವೆಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ, ಹೋದಾಗ ಬೆಳಗ್ಗೆ ಏಳಕ್ಕೇ ದಂಡೆಯ ಮೇಲೆ ನಿಂತಿದ್ದೆವು. ನಾವೆಲ್ಲ ಕಾಡಿನಲ್ಲಿ ಹಕ್ಕಿ ನೋಡಿ ಅಭ್ಯಾಸವಾದವರು. ಬೇಗ ಹೋದಷ್ಟೂ ಹಕ್ಕಿ ಜಾಸ್ತಿ ಅನ್ನೋದು ನಮ್ಮ ಲೆಕ್ಕ. ಅಲ್ಲಿ ನೋಡಿದರೆ ನೀರು ಪೂರ್ತಿ ಇಳಿದುಹೋಗಿತ್ತು. ಕಣ್ಣು ಹಾಯಿಸಿದಷ್ಟು ದೂರ ಕೆಸರು ಬಯಲು. ಹಕ್ಕಿಗಳೇನೋ ಇದ್ದವು, ಆದರೆ ಎಲ್ಲೋ ದೂರದಲ್ಲಿ, ಸಾಸಿವೆ ಚೆಲ್ಲಿದ ಹಾಗೆ. ಬೈನಾಕ್ಯುಲರ್‌ನಲ್ಲೂ ಅವು ಬರೀ ಚುಕ್ಕೆಗಳು. ಹತ್ತಿರ ಹೋಗಿ ನೋಡೋಣ ಎಂದು ಗೆಳೆಯನೊಬ್ಬ ಕೆಸರಿಗೆ ಇಳಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮೊಣಕಾಲಿನ ತನಕ ಹೂತುಕೊಂಡ. ಅಲ್ಲೇ ಬಳಚು (ಕೆಸರಿನ ಚಿಪ್ಪುಮೀನು) ಆರಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಬಂದು ಅವನ ರಟ್ಟೆ ಹಿಡಿದು ಎಳೆದರು.

"ಈಗ್ಯಾಕೆ ಅಲ್ಲಿಗೆ ತಮಾ? ಇಲ್ಲೇ ಕೂತ್ಕೊ. ನೀರು ಏರ್ತದೆ, ಹಕ್ಕಿ ತಾನೇ ಇತ್ಲಾಗೆ ಬರ್ತದೆ" ಅಂದರು.

ನಾವು ಕೂತೆವು. ಎರಡು ಗಂಟೆ ಆಗುವಷ್ಟರಲ್ಲಿ ನೀರು ಕೆಸರನ್ನು ಒಂದೊಂದೇ ಗೇಣು ನುಂಗುತ್ತಾ ಬಂತು. ಅದರ ಅಂಚಿನಲ್ಲೇ ಹಕ್ಕಿಗಳೂ ಹಿಂದೆ ಹಿಂದೆ ಸರಿಯುತ್ತಾ ಬಂದವು. ಹತ್ತೂವರೆಗೆ ನಮ್ಮ ಮುಂದೆ ಮೂವತ್ತು ಮೀಟರ್ ದೂರದಲ್ಲಿ ನೂರಾರು ಹಕ್ಕಿಗಳು ಮೇಯುತ್ತಿದ್ದವು. ನಾವು ಕೂತ ಜಾಗ ಬಿಟ್ಟು ಅಲುಗಿರಲಿಲ್ಲ.

ಆ ಅಮ್ಮ ಹೇಳಿದ ಎರಡು ಮಾತೇ ಈ ಲೇಖನದ ಬುನಾದಿ. ಕರಾವಳಿಯಲ್ಲಿ ಹಕ್ಕಿ ನೋಡಬೇಕಾದರೆ ಗಡಿಯಾರಕ್ಕಿಂತ ನೀರನ್ನು ನೋಡಬೇಕು. ನಾವು ಹಕ್ಕಿಯ ಹತ್ತಿರ ಹೋಗಬಾರದು, ಅದು ಬರುವ ಜಾಗದಲ್ಲಿ ಮೊದಲೇ ಕೂತಿರಬೇಕು. ಉಳಿದದ್ದೆಲ್ಲ ಇದಕ್ಕೆ ಹೊಂದಿಸಿಕೊಳ್ಳುವ ತಯಾರಿ.

ಮೊದಲು ಪಂಚಾಂಗ, ಆಮೇಲೆ ಟಿಕೆಟ್

ವಲಸೆ ಹಕ್ಕಿಗಳು ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಇರುವುದು ನವೆಂಬರ್‌ನಿಂದ ಮಾರ್ಚ್ ತನಕ. ಡಿಸೆಂಬರ್ ಕೊನೆಯ ವಾರ ಬೇಡ. ರಜೆಯ ಜನ, ವಾಹನ, ಗದ್ದಲ, ರೂಮಿನ ದರ ಎಲ್ಲ ಒಟ್ಟಿಗೆ ಏರಿರುತ್ತವೆ. ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯ ತನಕ ನನಗೆ ಇಷ್ಟವಾದ ಕಾಲ. ಹಕ್ಕಿಗಳು ನೆಲೆಯೂರಿರುತ್ತವೆ, ಬೆಳಗಿನ ಹೊತ್ತು ತಂಪಾಗಿರುತ್ತದೆ.

ಯಾವ ಶನಿವಾರ–ಭಾನುವಾರ ಎಂಬುದನ್ನು ಆರಿಸಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ ಅಥವಾ ಹುಣ್ಣಿಮೆ ಹತ್ತಿರ ಬರುವ ವಾರಾಂತ್ಯ ಹುಡುಕಿ. ಆ ದಿನಗಳಲ್ಲಿ ಸೂರ್ಯ, ಚಂದ್ರ ಎರಡರ ಸೆಳೆತವೂ ಒಂದೇ ಸಾಲಿನಲ್ಲಿ ಕೂಡಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಮೀನುಗಾರರು ಬಲೆ ಬಿಡುವ ಲೆಕ್ಕ ಹಾಕುವುದೂ ಈ ತಿಥಿಗಳ ಮೇಲೆಯೇ. ಉಬ್ಬರಕ್ಕೆ ಕರಾವಳಿಯವರು ಭರತ ಅಂತಾರೆ, ಕೆಲವು ಕಡೆ ಭರತಿ. ದೋಣಿಯವರ ಹತ್ತಿರ ಮಾತಾಡುವಾಗ ಈ ಪದ ಬಳಸಿದರೆ ಅವರು ಸರಿಯಾದ ಹೊತ್ತು ಹೇಳುತ್ತಾರೆ.

ಉತ್ತರ ಕನ್ನಡದ ಕಡಲಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ನೀರು ತುಂಬುವುದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು. ಅಂದರೆ ಬೆಳಗಿನ ಹೊತ್ತೆಲ್ಲ ನೀರು ಏರುತ್ತಾ ಇರುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ? ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಶನಿವಾರ 11ಕ್ಕೆ ತುಂಬಿದರೆ ಭಾನುವಾರ 11.50ರ ಸುಮಾರಿಗೆ. ನಿಖರ ಸಮಯಕ್ಕೆ ಮೊಬೈಲ್‌ನಲ್ಲಿ ಉಬ್ಬರ–ಇಳಿತ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಕಾರವಾರದ ಸಮಯ ನೋಡಿ. ಅಳಿವೆಯ ಒಳಗೆ ಹೋದಷ್ಟೂ ಉಬ್ಬರ ಸ್ವಲ್ಪ ತಡವಾಗಿ ಮುಟ್ಟುತ್ತದೆ, ಅದನ್ನು ಸ್ಥಳೀಯರನ್ನು ಕೇಳಿ ತಿದ್ದಿಕೊಳ್ಳಿ.

ನೆನಪಿಡಬೇಕಾದ ಸೂತ್ರ ಒಂದೇ: ನೀರು ತುಂಬುವ ಹೊತ್ತಿಗೆ ಮೂರು ಗಂಟೆ ಮೊದಲು ಜಾಗ ಹಿಡಿದು ಕೂತಿರಿ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಚೆದುರಿಹೋಗಿರುತ್ತವೆ. ಪೂರ್ತಿ ಉಬ್ಬರದಲ್ಲಿ ಮೇಯಲು ಜಾಗವಿಲ್ಲದೆ ಮರಳು ದಿಬ್ಬ, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆ) ಏರಿಗಳ ಮೇಲೆ ಗುಂಪುಕಟ್ಟಿ ನಿದ್ದೆ ಹೊಡೆಯುತ್ತವೆ. ಇವೆರಡರ ನಡುವಿನ ಹೊತ್ತೇ ನೋಡಲು ಚೆಂದ.

ಯಾಕೆ ಈ ಎರಡು ಅಳಿವೆ

ಕರ್ನಾಟಕದ ಕಡಲತೀರ ಸುಮಾರು 320 ಕಿ.ಮೀ. ಎಲ್ಲವನ್ನೂ ಎರಡು ದಿನದಲ್ಲಿ ನೋಡಲು ಹೊರಟರೆ ಹೆದ್ದಾರಿ 66 ಮಾತ್ರ ಕಾಣುತ್ತದೆ. ಅದಕ್ಕೇ ನನ್ನ ಸಲಹೆ ಎರಡೇ ಜಾಗ: ಶನಿವಾರ ಕುಮಟಾದ ಅಘನಾಶಿನಿ, ಭಾನುವಾರ ಹೊನ್ನಾವರದ ಶರಾವತಿ. ಎರಡು ಊರುಗಳ ನಡುವೆ ಸುಮಾರು 20 ಕಿ.ಮೀ. ಅಷ್ಟೇ.

ಅಘನಾಶಿನಿ ಶಿರಸಿ ಕಡೆ ಹುಟ್ಟಿ ಕುಮಟಾದ ಹತ್ತಿರ ಕಡಲು ಸೇರುತ್ತದೆ. ದಾರಿಯಲ್ಲಿ ಎಲ್ಲೂ ಅಣೆಕಟ್ಟಿಲ್ಲ. ಹಾಗಾಗಿ ಸಿಹಿನೀರು, ಉಪ್ಪುನೀರು ಕಾಲಕ್ಕೆ ತಕ್ಕಂತೆ ಬೆರೆಯುತ್ತವೆ. ಕೆಸರಿನಲ್ಲಿ ಬಳಚು, ಏಡಿ, ಹುಳ ಹುಪ್ಪಟೆ ಸಮೃದ್ಧ. ಜನರಿಗೂ ಅದರಿಂದಲೇ ಅನ್ನ, ಹಕ್ಕಿಗೂ ಅದರಿಂದಲೇ. 2024ರಲ್ಲಿ ಈ ಅಳಿವೆ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಶರಾವತಿಯ ಕಥೆ ಬೇರೆ. ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆ ಅಣೆಕಟ್ಟುಗಳಿವೆ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬರುವುದರಿಂದ ಅಲ್ಲಿ ಉಪ್ಪಿನ ಅಂಶ ಕಡಿಮೆ. ಒಂದು ದಿನ ಇದು, ಒಂದು ದಿನ ಅದು ನೋಡಿದರೆ ನದಿಗೆ ಕಟ್ಟೆ ಕಟ್ಟಿದರೆ ಕಡಲ ಬಾಯಲ್ಲಿ ಏನಾಗುತ್ತದೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ಉಡುಪಿ, ಮಂಗಳೂರಿನವರಿಗೆ ಇಷ್ಟು ದೂರ ಬರಲು ಆಗದಿದ್ದರೆ ಸೀತಾ–ಸ್ವರ್ಣಾ ಕಡಲು ಸೇರುವ ಕೋಡಿ ಬೆಂಗ್ರೆ, ನಂದಿನಿ–ಶಾಂಭವಿ ಸೇರುವ ಸಸಿಹಿತ್ಲು ಇವೆ. ವಿಧಾನ ಇದೇ.

ಜೊತೆಗಾರರು ಮತ್ತು ಚೀಲ

ಐದಾರು ಜನ ಸಾಕು. ಒಂದು ಗಾಡಿಯಲ್ಲಿ ಹಿಡಿಸಬೇಕು, ಒಂದು ಏರಿಯ ಮೇಲೆ ಸಾಲಾಗಿ ಕೂರಲು ಬರಬೇಕು. ಹಕ್ಕಿಯಲ್ಲಿ ಆಸಕ್ತಿ ಇಲ್ಲದ ಗೆಳೆಯರು ಬರುವುದಾದರೆ ಬರಲಿ. ಆದರೆ ಬೆಳಗ್ಗೆ ಮೂರು ಗಂಟೆ ಒಂದೇ ಕಡೆ ಸುಮ್ನೆ ಕೂರುತ್ತೇವೆ ಎಂದು ಮೊದಲೇ ಹೇಳಿಬಿಡಿ. ಹೇಳದೆ ಕರೆದುಕೊಂಡು ಹೋದರೆ ಒಂಬತ್ತು ಗಂಟೆಗೆ "ಇನ್ನೂ ಎಷ್ಟು ಹೊತ್ತು?" ಶುರುವಾಗುತ್ತದೆ, ಎಲ್ಲರಿಗೂ ಬೇಜಾರು.

ಕೆಲಸ ಹಂಚಿಕೊಳ್ಳಿ. ಒಬ್ಬರು ಹಕ್ಕಿ ಎಣಿಸಲಿ, ಒಬ್ಬರು ಬರೆದುಕೊಳ್ಳಲಿ. ಇನ್ನೊಬ್ಬರ ಕೆಲಸ ನೀರಿನ ಹೊತ್ತು ನೋಡುವುದು ಮಾತ್ರ. ಈ ಮೂರನೆಯ ಕೆಲಸವನ್ನು ಹಗುರವಾಗಿ ಕಾಣಬೇಡಿ. ಮರಳು ದಿಬ್ಬದ ಮೇಲೆ ನಿಂತು ಮುಂದೆ ನೋಡುತ್ತಿದ್ದಾಗ ಹಿಂದಿನ ತಗ್ಗಿನಲ್ಲಿ ನೀರು ತುಂಬಿ ವಾಪಸ್ ದಾರಿ ಮುಚ್ಚಿಹೋಗುತ್ತದೆ. ನಮಗೆ ಒಮ್ಮೆ ಹಾಗೆ ಆಗಿದೆ. ಸೊಂಟದ ಮಟ್ಟದ ನೀರಿನಲ್ಲಿ ಕ್ಯಾಮೆರಾ ತಲೆಯ ಮೇಲೆ ಹೊತ್ತು ದಾಟಿದೆವು. ಈಜು ಬಾರದ ಗೆಳತಿಯೊಬ್ಬಳ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನೀರು ಏರುವ ಹೊತ್ತಿನಲ್ಲಿ ದಿಬ್ಬಕ್ಕೆ ಹೋಗುವುದನ್ನೇ ಬಿಟ್ಟಿದ್ದೇವೆ. ದಂಡೆಯಿಂದಲೇ ನೋಡುತ್ತೇವೆ.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲದ್ದು) ಇದ್ದರೆ ಒಳ್ಳೆಯದು. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ಒಂಟಿ ಕೊಳವೆಯ ದುರ್ಬೀನು), ಗಟ್ಟಿ ಟ್ರೈಪಾಡ್ ಇದ್ದರೆ ಪ್ರವಾಸದ ರೂಪವೇ ಬದಲಾಗುತ್ತದೆ. ಕಾಡಿನಲ್ಲಿ ಸ್ಕೋಪ್ ಹೊರೆ. ಇಲ್ಲಿ ಅದೇ ಕಣ್ಣು. ಕೊಳ್ಳುವುದು ದುಬಾರಿ, ಆದ್ದರಿಂದ ಇರುವವರನ್ನು ಜೊತೆಗೆ ಕರೆದುಕೊಳ್ಳಿ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ. ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ. ಬರಿಗಾಲಿನಲ್ಲಿ ಹೋದರೆ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಅಂಚು ಅಗಲ ಇರುವ ಟೋಪಿ, ತಲಾ ಎರಡು ಲೀಟರ್ ನೀರು, ಓಆರ್‌ಎಸ್ ಪುಡಿ, ಕೂರಲು ಹಳೆಯ ಚಾಪೆಯ ತುಂಡು. ಚಳಿಗಾಲ ಎಂಬ ಹೆಸರೇ ಹೊರತು ಹತ್ತು ಗಂಟೆಯ ಮೇಲೆ ಕರಾವಳಿಯ ಬಿಸಿಲು ಬಿಸಿಲೇ. ಬಟ್ಟೆ ಮಾಸಲು ಬಣ್ಣದ್ದಿರಲಿ.

ಶನಿವಾರ: ಅಘನಾಶಿನಿ

ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ರೈಲು, ಪಂಚಗಂಗಾ ಎಕ್ಸ್‌ಪ್ರೆಸ್, ಬೆಳಗ್ಗೆ ಕುಮಟಾ ಮುಟ್ಟಿಸುತ್ತದೆ. ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ, ತಿಥಿ ನೋಡಿದ ದಿನವೇ ಬುಕ್ ಮಾಡಿ. ಉಳಿಯಲು ಕುಮಟಾ ಸಾಕು. ಗೋಕರ್ಣ ಹತ್ತಿರವೇ ಇದ್ದರೂ ಶನಿವಾರ–ಭಾನುವಾರ ಅಲ್ಲಿ ಜನ ಜಾತ್ರೆ. ಊರಿನಲ್ಲೇ ಬನ್ಸ್, ಇಡ್ಲಿ ತಿಂದು ಎಂಟರ ಒಳಗೆ ಹೊರಡಿ.

ಈಗ ಬೆಳಕಿನ ಲೆಕ್ಕ. ಬೆಳಗ್ಗೆ ಸೂರ್ಯ ಪೂರ್ವದಲ್ಲಿ. ಅಳಿವೆಯ ಪಶ್ಚಿಮದ ದಡದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಹಕ್ಕಿಗಳೆಲ್ಲ ಕಪ್ಪು ನೆರಳುಗಳು, ಕಾಲಿನ ಬಣ್ಣವೂ ಗೊತ್ತಾಗುವುದಿಲ್ಲ. ಆದ್ದರಿಂದ ಬೆಳಗ್ಗೆ ಮಿರ್ಜಾನ್ ಕಡೆ, ಸಂಜೆ ತದಡಿ ಕಡೆ. ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕೂತರೆ ಅರ್ಧ ಗುರುತಿಸುವಿಕೆ ಆದ ಹಾಗೆ.

ಮಿರ್ಜಾನ್ ಕಡೆ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ತಳಿ ಅದು. ಕೊಯ್ಲು ಮುಗಿದ ಮೇಲೆ ಏರಿಯಲ್ಲಿರುವ ನೀರಿನ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಚಳಿಗಾಲದಲ್ಲಿ ಈ ಗದ್ದೆಗಳು ಹಕ್ಕಿಗಳ ಊಟದ ತಟ್ಟೆ. ಆದರೆ ಇದು ಜನರ ಜಮೀನು. ಏರಿಯ ಮೇಲೆ ಹತ್ತುವ ಮುಂಚೆ ಅಲ್ಲಿ ಇದ್ದವರನ್ನು ಕೇಳಿ. "ಅಣ್ಣಾ, ಹಕ್ಕಿ ನೋಡ್ಲಿಕ್ಕೆ ಬಂದಿದ್ದೇವೆ, ಇಲ್ಲಿ ಕೂರಬಹುದಾ?" ಅಂದರೆ ಬೇಡ ಅಂದವರನ್ನು ನಾನು ಕಂಡಿಲ್ಲ. ಮಣ್ಣಿನ ಏರಿ ಮೆದುವಾಗಿರುತ್ತದೆ, ಅಂಚಿನಲ್ಲಿ ನಡೆದು ಕುಸಿಯುವ ಹಾಗೆ ಮಾಡಬೇಡಿ. ಬಾಗಿಲಿನ ಹಲಗೆ ಮುಟ್ಟಬೇಡಿ.

ಕೂತ ಮೇಲೆ ಮೊದಲ ಕಾಲು ಗಂಟೆ ಬೈನಾಕ್ಯುಲರ್ ಎತ್ತದೆ ಇರಿ. ನಿಮ್ಮನ್ನು ಕಂಡು ದೂರ ಸರಿದ ಹಕ್ಕಿಗಳು ಮರಳಿ ಬರಲು ಅಷ್ಟು ಹೊತ್ತು ಬೇಕು.

ಮಧ್ಯಾಹ್ನ ನೀರು ತುಂಬಿದ ಮೇಲೆ ಊಟಕ್ಕೆ ಏಳಿ. ಮೀನೂಟ ಮಾಡಿ ಮಿರ್ಜಾನ್ ಕೋಟೆಯ ನೆರಳಿನಲ್ಲಿ ಅರ್ಧ ಗಂಟೆ ಕೂತರೆ ಗಿಳಿ, ಮೈನಾ, ಕಾಜಾಣ ಸುಲಭವಾಗಿ ಸಿಗುತ್ತವೆ. ನಾಲ್ಕರ ಹೊತ್ತಿಗೆ ತದಡಿ. ಇದು ಅಳಿವೆಯ ಉತ್ತರದ ದಡದ ಮೀನುಗಾರಿಕೆ ಬಂದರು. ಎದುರಿನ ದಡದಲ್ಲಿ ಅಘನಾಶಿನಿ ಊರು, ನಡುವೆ ದೋಣಿ ಸಂಚಾರ. ಬೋಟುಗಳು ಮೀನು ಇಳಿಸುವ ಹೊತ್ತಿಗೆ ಕಡಲಹಕ್ಕಿಗಳ ಗಲಾಟೆ, ಗರುಡಗಳ ಸುತ್ತಾಟ. ಬಂದರಿನಲ್ಲಿ ಕೆಲಸ ನಡೆಯುತ್ತಿರುತ್ತದೆ, ದಾರಿಗೆ ಅಡ್ಡವಾಗಿ ಟ್ರೈಪಾಡ್ ಊರಬೇಡಿ. ಜನರ ಫೋಟೊ ತೆಗೆಯುವ ಮುಂಚೆ ಕೇಳಿ.

ಕಂದು ಹಕ್ಕಿಗಳ ಗೊಂದಲ

ಕರಾವಳಿಗೆ ಹೊಸದಾಗಿ ಬಂದವರು ಸೋಲುವುದು ಇಲ್ಲೇ. ಚಳಿಗಾಲದಲ್ಲಿ ದಂಡೆಯ ಹಕ್ಕಿಗಳೆಲ್ಲ ಬೂದು, ಕಂದು, ಬಿಳಿ. ಪುಸ್ತಕ ತೆರೆದು ಒಂದೊಂದೇ ಚಿತ್ರಕ್ಕೆ ಹೋಲಿಸಲು ಹೋದರೆ ತಲೆ ಕೆಡುತ್ತದೆ. ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಹಕ್ಕಿ ಹೇಗೆ ಮೇಯುತ್ತದೆ ನೋಡಿ.

ಎರಡು ಬಗೆ. ಓಡಿ, ತಟ್ಟನೆ ನಿಂತು, ನೋಡಿ, ಕುಕ್ಕುವವು ಪ್ಲೋವರ್‌ಗಳು. ಇವುಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಕಣ್ಣಿಗೆ ಕಂಡದ್ದನ್ನು ಹಿಡಿಯುತ್ತವೆ, ಅದಕ್ಕೇ ನಿಂತು ನೋಡಬೇಕು. ತಲೆ ಬಗ್ಗಿಸಿಕೊಂಡೇ ನಡೆಯುತ್ತಾ ಕೆಸರಿನಲ್ಲಿ ಕೊಕ್ಕು ಚುಚ್ಚುತ್ತಾ ಹೋಗುವವು ಹೆಚ್ಚಾಗಿ ಸ್ಯಾಂಡ್‌ಪೈಪರ್ ಬಳಗದವು. ಕೊಕ್ಕಿನ ತುದಿಯ ಸ್ಪರ್ಶದಲ್ಲೇ ಹುಳ ಇದೆಯೋ ಇಲ್ಲವೋ ಅವಕ್ಕೆ ತಿಳಿಯುತ್ತದೆ. ಕೊಕ್ಕಿನ ಉದ್ದ ಬೇರೆ ಬೇರೆ ಇರುವುದರಿಂದ ಒಂದೇ ಕೆಸರಿನಲ್ಲಿ ಬೇರೆ ಬೇರೆ ಆಳದಿಂದ ಊಟ ತೆಗೆಯುತ್ತವೆ. ಹತ್ತು ಜಾತಿ ಒಟ್ಟಿಗೆ ಮೇಯ್ದರೂ ಜಗಳ ಕಡಿಮೆ.

ಅತಿ ಹೆಚ್ಚು ಕಾಣುವ ಎರಡು ಪುಟ್ಟ ಪ್ಲೋವರ್‌ಗಳನ್ನು ಮೊದಲು ಕಲಿಯಿರಿ. ಕುತ್ತಿಗೆಯ ಹಿಂದೆ ಪೂರ್ತಿ ಬಿಳಿ ಪಟ್ಟಿ ಇದ್ದರೆ ಕೆಂಟಿಶ್ ಪ್ಲೋವರ್. ಹಿಂಗುತ್ತಿಗೆ ಪೂರ್ತಿ ಕಂದಾಗಿದ್ದರೆ ಸ್ಯಾಂಡ್ ಪ್ಲೋವರ್. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಲೆಸ್ಸರ್ ಸ್ಯಾಂಡ್ ಪ್ಲೋವರ್. ಈಗ ಅದನ್ನು ಎರಡು ಜಾತಿಯಾಗಿ ಬೇರ್ಪಡಿಸಿದ್ದಾರೆ, ಹಕ್ಕಿ ಪಟ್ಟಿ ದಾಖಲಿಸುವ ಇ–ಬರ್ಡ್ ಆ್ಯಪ್‌ನಲ್ಲಿ ಟಿಬೆಟನ್ ಸ್ಯಾಂಡ್ ಪ್ಲೋವರ್ ಎಂದು ಕಾಣುತ್ತದೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಹಕ್ಕಿ ಹಿಮಾಲಯದ ಆಚೆಯ ಬೆಟ್ಟದ ಬಯಲುಗಳಲ್ಲಿ ಮರಿ ಮಾಡಿ ಕುಮಟಾದ ಕೆಸರಿಗೆ ಬರುತ್ತದೆ ಅಂದರೆ, ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ. ಮಾರ್ಚ್‌ನಲ್ಲಿ ಹೋದರೆ ಕೆಲವು ಹಕ್ಕಿಗಳ ಎದೆಗೆ ಇಟ್ಟಿಗೆ ಕೆಂಪು ಬರಲು ಶುರುವಾಗಿರುತ್ತದೆ. ಅವು ಹೊರಡುವ ತಯಾರಿಯಲ್ಲಿವೆ ಎಂದರ್ಥ.

ದೊಡ್ಡದಾಗಿ, ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ್ದರೆ ಕರ್ಲ್ಯೂ ಅಥವಾ ವಿಂಬ್ರೆಲ್. ನೆತ್ತಿಯ ಮೇಲೆ ಕಪ್ಪು–ಬಿಳಿ ಪಟ್ಟೆ ಇದ್ದು ಕೊಕ್ಕು ಕೊಂಚ ಗಿಡ್ಡವಾದರೆ ವಿಂಬ್ರೆಲ್. ಕೊಕ್ಕು ವಿಪರೀತ ಉದ್ದ, ತಲೆ ಸಾದಾ ಇದ್ದರೆ ಕರ್ಲ್ಯೂ. ಕೊಕ್ಕು ತುಸು ಮೇಲಕ್ಕೆ ಬಾಗಿದ್ದರೆ ಬಾರ್–ಟೇಲ್ಡ್ ಗಾಡ್‌ವಿಟ್. ಪುಟ್ಟ ಹಕ್ಕಿ, ಕೊಕ್ಕು ಮೇಲಕ್ಕೆ, ಕಾಲು ಕಿತ್ತಳೆ ಹಳದಿ ಇದ್ದರೆ ಟೆರೆಕ್ ಸ್ಯಾಂಡ್‌ಪೈಪರ್. ಒಂಟಿಯಾಗಿ ಕಲ್ಲಿನ ಮೇಲೆ ನಿಂತು ಹಿಂಭಾಗವನ್ನು ಎಡೆಬಿಡದೆ ಕುಣಿಸುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಕಾಲು ಕೆಂಪಾಗಿದ್ದು ಹಾರುವಾಗ ರೆಕ್ಕೆಯ ಹಿಂಬದಿ ಅಗಲ ಬಿಳಿ ಕಂಡರೆ ರೆಡ್‌ಶ್ಯಾಂಕ್. ಇದು ಅಳಿವೆಯ ಕಾವಲುಗಾರ. ಮೊದಲು ಕೂಗಿ ಎಲ್ಲರನ್ನೂ ಎಬ್ಬಿಸುವುದು ಇದೇ.

ವಿಂಬ್ರೆಲ್ ಒಂದನ್ನು ಕಳೆದ ಚಳಿಗಾಲ ಬಹಳ ಹತ್ತಿರದಿಂದ ನೋಡಿದೆ. ಕೆಸರಿನ ಬಿಲದೊಳಕ್ಕೆ ಕೊಕ್ಕನ್ನು ಬುಡದ ತನಕ ಇಳಿಸಿತು. ತಲೆಯನ್ನು ಓರೆ ಮಾಡಿ ತಿರುಗಿಸಿತು, ಬಿಲದ ತಿರುವು ಹೇಗಿದೆಯೋ ಹಾಗೆ. ಹೊರಗೆ ಎಳೆದಾಗ ತುದಿಯಲ್ಲಿ ಏಡಿ. ಎರಡು ಸಲ ಜಾಡಿಸಿತು, ಕಾಲುಗಳು ಕಳಚಿ ಬಿದ್ದವು. ನಾಲ್ಕು ಹೆಜ್ಜೆ ನಡೆದು ಏಡಿಯನ್ನು ನೀರಿಗೆ ಅದ್ದಿ ಕೆಸರು ತೊಳೆಯಿತು. ಆಮೇಲೆ ನುಂಗಿತು. ಇಷ್ಟೆಲ್ಲ ಆಗಲು ಒಂದು ನಿಮಿಷ ಹಿಡಿದಿರಬೇಕು. ಆ ಬಾಗಿದ ಕೊಕ್ಕು ಯಾಕೆ ಹಾಗಿದೆ ಎಂದು ಯಾರೂ ವಿವರಿಸುವ ಅಗತ್ಯ ಬೀಳಲಿಲ್ಲ.

ಕಡಲಹಕ್ಕಿಗಳಲ್ಲಿ ಮೊದಲು ಕಲಿಯಬೇಕಾದ್ದು ಬ್ರೌನ್–ಹೆಡೆಡ್ ಗಲ್ ಮತ್ತು ಬ್ಲ್ಯಾಕ್–ಹೆಡೆಡ್ ಗಲ್. ಹೆಸರು ಕಂದುತಲೆ, ಕರಿತಲೆ ಎಂದಿದ್ದರೂ ಚಳಿಗಾಲದಲ್ಲಿ ಎರಡರ ತಲೆಯೂ ಬಿಳಿ, ಕಿವಿಯ ಹತ್ತಿರ ಒಂದು ಚುಕ್ಕೆ ಮಾತ್ರ. ಹಾರುವಾಗ ನೋಡಿ. ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ ಇದ್ದರೆ ಕಂದುತಲೆ. ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೂ ಬಿಳಿ ಪಟ್ಟಿ ಇದ್ದರೆ ಕರಿತಲೆ. ರೀವಗಳನ್ನು, ಅಂದರೆ ಟರ್ನ್‌ಗಳನ್ನು, ಕೊಕ್ಕಿನಿಂದ ಗುರುತಿಸಿ. ದಪ್ಪ ಕಪ್ಪು ಕೊಕ್ಕು ಗಲ್–ಬಿಲ್ಡ್‌ನದ್ದು, ದೊಡ್ಡ ಕೆಂಪು ಕೊಕ್ಕು ಕ್ಯಾಸ್ಪಿಯನ್‌ನದ್ದು, ಕಿತ್ತಳೆ ಕೊಕ್ಕು ಲೆಸ್ಸರ್ ಕ್ರೆಸ್ಟೆಡ್‌ದು. ಕಪ್ಪು ಕೊಕ್ಕಿನ ತುದಿಗೆ ಹಳದಿ ಅದ್ದಿದ ಹಾಗಿದ್ದರೆ ಸ್ಯಾಂಡ್‌ವಿಚ್ ಟರ್ನ್. ದೊಡ್ಡ ಗಲ್‌ಗಳನ್ನು ಮೊದಲ ಪ್ರವಾಸದಲ್ಲಿ ಬಿಟ್ಟುಬಿಡಿ. ಫೋಟೊ ತೆಗೆದಿಟ್ಟುಕೊಂಡು ಆಮೇಲೆ ತಿಳಿದವರಿಗೆ ತೋರಿಸಿ.

ಎಬ್ಬಿಸಬೇಡಿ

ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಈ ಹಕ್ಕಿಗಳು ನಮ್ಮಲ್ಲಿಗೆ ಬಂದಿರುವುದು ತಿನ್ನಲಿಕ್ಕೆ. ಮಾರ್ಚ್–ಏಪ್ರಿಲ್‌ನಲ್ಲಿ ಸಾವಿರಾರು ಕಿಲೋಮೀಟರ್ ವಾಪಸ್ ಹಾರಲು ಬೇಕಾದ ಕೊಬ್ಬನ್ನು ಈ ಕೆಸರಿನಿಂದಲೇ ಕೂಡಿಸಬೇಕು. ಅದಕ್ಕೆ ಸಿಗುವುದು ದಿನಕ್ಕೆ ಎರಡು ಇಳಿತಗಳ ಕೆಲವೇ ಗಂಟೆ. ನಾವು ಒಂದು ಫೋಟೊಗಾಗಿ ಗುಂಪನ್ನು ಎಬ್ಬಿಸಿದರೆ ಮೇಯುವ ಹೊತ್ತೂ ಹೋಯಿತು, ಹಾರಲು ಕೊಬ್ಬೂ ಕರಗಿತು. ಬೆಳಗ್ಗೆ ನಾವು, ಮಧ್ಯಾಹ್ನ ಇನ್ನೊಂದು ಗುಂಪು, ಸಂಜೆ ದಂಡೆಯ ನಾಯಿಗಳು. ಹಕ್ಕಿಯ ಕಡೆಯಿಂದ ಲೆಕ್ಕ ಹಾಕಿ ನೋಡಿ.

ಅವುಗಳ ಸೂಚನೆ ಓದಲು ಕಷ್ಟವಿಲ್ಲ. ಮೇಯುತ್ತಿದ್ದವು ತಲೆ ಎತ್ತಿ ನಿಂತರೆ ನೀವು ಹತ್ತಿರವಾದಿರಿ. ಒಂದೇ ದಿಕ್ಕಿಗೆ ನಡೆಯಲು ಶುರು ಮಾಡಿದರೆ ಇನ್ನೂ ಹತ್ತಿರವಾದಿರಿ. ಆಗ ಅಲ್ಲೇ ಕೂತುಬಿಡಿ, ಇಲ್ಲವೇ ಹಿಂದೆ ಸರಿಯಿರಿ. ಉಬ್ಬರದಲ್ಲಿ ನಿದ್ದೆ ಮಾಡುವ ಗುಂಪಿನ ಕಡೆಗಂತೂ ಹೋಗಲೇಬೇಡಿ. ಡ್ರೋನ್ ಬೇಡ. ಹಕ್ಕಿಯ ಕೂಗನ್ನು ಮೊಬೈಲ್‌ನಲ್ಲಿ ನುಡಿಸಿ ಕರೆಯುವುದೂ ಬೇಡ.

ಭಾನುವಾರ: ಕಾಸರಕೋಡು ಮತ್ತು ಶರಾವತಿ

ಜನವರಿಯಲ್ಲಿ ಇಲ್ಲಿ ಸೂರ್ಯೋದಯ ಏಳರ ಆಸುಪಾಸು. ಆ ಹೊತ್ತಿಗೆ ಹೊನ್ನಾವರದ ಕಾಸರಕೋಡು ಕಡಲತೀರದಲ್ಲಿರಿ. ಬೆಳಗ್ಗೆ ಕಡಲತೀರ ನೋಡಲು ಕಾರಣ ಮತ್ತೆ ಬೆಳಕೇ. ಸೂರ್ಯ ಬೆನ್ನ ಹಿಂದೆ, ಕಡಲು ಎದುರಿಗೆ. ಸಂಜೆ ಹೋದರೆ ಕಣ್ಣು ಕುಕ್ಕುವ ಹೊಳಪು ಬಿಟ್ಟು ಏನೂ ಕಾಣದು. ಅಲೆ ಹಿಂದೆ ಸರಿದಾಗ ಅದರ ಬೆನ್ನು ಹತ್ತಿ ಓಡಿ, ಅಲೆ ಬಂದಾಗ ತಿರುಗಿ ಓಡಿಬರುವ ಬೆಳ್ಳಗಿನ ಪುಟ್ಟ ಹಕ್ಕಿ ಕಂಡರೆ ಅದು ಸ್ಯಾಂಡರ್ಲಿಂಗ್. ಬಂಡೆಗಳಿರುವ ಕಡೆ ಕಪ್ಪು ಬೂದು ಬಣ್ಣದ, ಗಂಟಲು ಮಾತ್ರ ಬಿಳಿಯ ರೀಫ್ ಈಗ್ರೆಟ್ ಹುಡುಕಿ.

ಒಂದು ಎಚ್ಚರಿಕೆ. ಕಾಸರಕೋಡಿನ ಟೊಂಕ ಭಾಗದ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಳಿನ ಮೇಲೆ ಗಾಡಿ ಓಡಿಸಬೇಡಿ. ಬೇಲಿ ಹಾಕಿದ ಗೂಡು ಕಂಡರೆ ದೂರದಿಂದಲೇ ಹಾದುಹೋಗಿ.

ತಿಂಡಿ ಮುಗಿಸಿ ಒಂಬತ್ತರ ಮೇಲೆ ಶರಾವತಿ ಅಳಿವೆ. ಇಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ. ಕಾಂಡ್ಲಾ ಒಳಗೆ ಮಿಂಚುಳ್ಳಿಗಳದ್ದೇ ರಾಜ್ಯ. ನಮ್ಮ ಊರ ಕೆರೆಯಲ್ಲಿ ಕಾಣುವ ಬಿಳಿಗಂಟಲ ಮಿಂಚುಳ್ಳಿಯ ಜೊತೆಗೆ ಕರಿತಲೆಯ ಮಿಂಚುಳ್ಳಿಯೂ ಸಿಗಬಹುದು. ಕಪ್ಪು ಟೋಪಿ, ಬಿಳಿ ಕೊರಳು, ನೇರಳೆ ನೀಲಿ ಬೆನ್ನು, ಹವಳದ ಬಣ್ಣದ ಕೊಕ್ಕು. ಹಸಿರು ಎಲೆಗಳ ನಡುವೆ ಅದು ಕೂತದ್ದನ್ನು ನೋಡಿದ ಗೆಳತಿ ಐದು ನಿಮಿಷ ಮಾತೇ ಆಡಲಿಲ್ಲ.

ದೋಣಿಯಲ್ಲಿ ಹೋಗುವುದಾದರೆ ಹತ್ತುವ ಮುಂಚೆಯೇ ಮೂರು ವಿಷಯ ಮಾತಾಡಿ. ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ಹಕ್ಕಿ ಕಂಡ ಕಡೆ ಎಂಜಿನ್ ನಿಲ್ಲಿಸಬೇಕು. ಮರಳು ದಿಬ್ಬದ ಮೇಲಿನ ಗುಂಪಿನ ಹತ್ತಿರ ದೋಣಿ ಒಯ್ಯಬಾರದು. ಹಕ್ಕಿ ಹಾರಿಸಿ ತೋರಿಸಿದರೆ ಬಂದವರಿಗೆ ಖುಷಿಯಾಗುತ್ತದೆ ಎಂದು ಕೆಲವರು ತಿಳಿದಿರುತ್ತಾರೆ. ನಮಗೆ ಕೂತ ಹಕ್ಕಿಯೇ ಬೇಕು ಎಂದು ಹೇಳಿದರೆ ಸಾಕು, ಮುಂದೆ ಅವರೇ ನಿಮಗಿಂತ ಮೊದಲು ಹಕ್ಕಿ ತೋರಿಸುತ್ತಾರೆ.

ತಲೆ ಎತ್ತಿ ಆಕಾಶವನ್ನೂ ನೋಡುತ್ತಿರಿ. ಇಟ್ಟಿಗೆ ಕೆಂಪು ಮೈ, ಬಿಳಿ ತಲೆ ಇದ್ದರೆ ನಮ್ಮ ಗರುಡ. ಅದಕ್ಕಿಂತ ಬಹಳ ದೊಡ್ಡದು, ತಲೆ ಮತ್ತು ಹೊಟ್ಟೆ ಅಚ್ಚ ಬಿಳಿ, ರೆಕ್ಕೆ ಬೂದು ಇದ್ದರೆ ಬಿಳಿಹೊಟ್ಟೆಯ ಕಡಲ ಹದ್ದು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಕಟ್ಟಿದ ಹಾಗಿದ್ದು, ಕಾಲು ಮುಂದೆ ಚಾಚಿ ನೀರಿಗೆ ಧುಮುಕಿದರೆ ಆಸ್‌ಪ್ರೇ. ನೇತ್ರಾಣಿ ದ್ವೀಪಕ್ಕೂ ಹೋಗಿಬಿಡೋಣ ಎಂದು ಯಾರಾದರೂ ಅಂದರೆ ಈ ಸಲ ಬೇಡ ಅನ್ನಿ. ಅದಕ್ಕೆ ಬೇರೆಯೇ ದಿನ ಬೇಕು.

ಎಣಿಸಿ, ಬರೆಯಿರಿ

ನೋಡಿದ ಹಕ್ಕಿಗಳ ಪಟ್ಟಿಯನ್ನು ಇ–ಬರ್ಡ್ ಆ್ಯಪ್‌ನಲ್ಲಿ ಹಾಕಿ. ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡಬೇಡಿ. ಮಿರ್ಜಾನಿಗೆ ಒಂದು, ತದಡಿಗೆ ಒಂದು, ಕಾಸರಕೋಡಿಗೆ ಒಂದು. ಎಷ್ಟು ಹಕ್ಕಿ ಎಂಬ ಕಡೆ ಸುಮ್ನೆ ಎಕ್ಸ್ ಹಾಕಿ ಬಿಡಬೇಡಿ. ಇತ್ತು ಅನ್ನುವುದಕ್ಕಿಂತ ಎಷ್ಟಿತ್ತು ಅನ್ನುವುದು ಮುಂದೆ ಕೆಲಸಕ್ಕೆ ಬರುವ ಮಾಹಿತಿ.

ದೊಡ್ಡ ಗುಂಪನ್ನು ಎಣಿಸುವ ಉಪಾಯ ಹೀಗೆ. ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿ ಬಿಡಿಯಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲಿ ಅಳೆದುಕೊಳ್ಳಿ. ಅದೇ ಅಳತೆಯಲ್ಲಿ ಇಪ್ಪತ್ತು, ಮೂವತ್ತು ಎಂದು ಗುಂಪಿನ ಉದ್ದಕ್ಕೂ ಹೋಗಿ. ಸಾವಿರದ ಮೇಲಿದ್ದರೆ ನೂರರ ಅಳತೆ ಮಾಡಿ. ಇಬ್ಬರು ಬೇರೆ ಬೇರೆ ಎಣಿಸಿ ಹೋಲಿಸಿ ನೋಡಿ. ಮೊದಮೊದಲು ಇಬ್ಬರ ಲೆಕ್ಕಕ್ಕೂ ಬಹಳ ಅಂತರ ಇರುತ್ತದೆ. ಎರಡನೇ ದಿನಕ್ಕೆ ಹತ್ತಿರ ಬರುತ್ತದೆ.

ಪ್ರವಾಸದ ದಿನ ಆರಿಸುವಾಗ ಇನ್ನೆರಡು ಸಂದರ್ಭ ಗಮನದಲ್ಲಿರಲಿ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಭಾರತ 2013ರಿಂದ ಇದರಲ್ಲಿದೆ. ತಿಥಿಯೂ ಕೂಡಿಬಂದರೆ ನಿಮ್ಮ ಎರಡು ದಿನದ ಎಣಿಕೆ ಆ ದೊಡ್ಡ ಲೆಕ್ಕಕ್ಕೂ ಸೇರುತ್ತದೆ.

ವಾಪಸ್ ರೈಲು ಸಂಜೆ. ಹತ್ತುವ ಮುಂಚೆ 15 ನಿಮಿಷ ಬಿಡುವು ಮಾಡಿಕೊಂಡು ಬೈನಾಕ್ಯುಲರ್, ಸ್ಕೋಪ್, ಟ್ರೈಪಾಡ್ ಎಲ್ಲವನ್ನೂ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಲೆನ್ಸಿನ ಮೇಲಿನ ಮರಳನ್ನು ಮೊದಲು ಊದುವ ಬಲ್ಬಿನಿಂದ ಹಾರಿಸಿ, ಆಮೇಲೆ ಒರೆಸಿ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ಒಳಗಿನ ಉಪ್ಪು ತೆಗೆಯಿರಿ. ಸೋಮವಾರ ಮಾಡೋಣ ಎಂದು ಬಿಟ್ಟರೆ ಅಷ್ಟರಲ್ಲಿ ತಿರುಪುಗಳು ಬಿಗಿದಿರುತ್ತವೆ.